ಅಕ್ಕನ ಕಣ್ಣಿನ ಗುಟ್ಟಿಗೆ ಕಾವಲು ನಿಂತವರಿಗೆ

ಕಣ್ಣಾಸ್ಪತ್ರೆಯ ಅಧೀಕ್ಷಕರಿಗೆ,

ಮಾನ್ಯರೇ,

ನೀವು ಕಾಪಾಡಿದ ಗುಟ್ಟು ನನ್ನ ಅಕ್ಕನ ಎಡಗಣ್ಣನ್ನು ತಿಂದು ಹಾಕಿದೆ. ಬಲಗಣ್ಣಿನಲ್ಲೂ ಅರ್ಧ ತಿಂದಿದೆ. ಉಳಿದರ್ಧವನ್ನಾದರೂ ಬಿಟ್ಟುಕೊಡಿ ಎಂದು ಕೇಳಲು ಈ ಪತ್ರ. ನಿಮ್ಮ ಕಚೇರಿಗೆ ಕೊಟ್ಟ ದೂರಿಗೆ ‘ರೋಗಿಯ ಮಾಹಿತಿಯನ್ನು ಹೊರಗಿನವರಿಗೆ ನೀಡಲಾಗುವುದಿಲ್ಲ’ ಎಂಬ ಒಂದು ಸಾಲಿನ ಉತ್ತರ ಬಂದಿದೆ. ನಾನು ಮಾಹಿತಿ ಕೇಳಿರಲಿಲ್ಲ, ನ್ಯಾಯ ಕೇಳಿದ್ದೆ. ಅದೂ ನಿಮ್ಮಲ್ಲಿ ಗೌಪ್ಯ ಪಟ್ಟಿಯಲ್ಲೇ ಇರಬೇಕು. ಆದ್ದರಿಂದ ಎಲ್ಲರಿಗೂ ಕೇಳುವ ಹಾಗೆ ಬರೆಯುತ್ತಿದ್ದೇನೆ.

ಅಕ್ಕ ರಟ್ಟಿನ ಡಬ್ಬಿ ಕಾರ್ಖಾನೆಯ ಮಕ್ಕಳ ಕೋಣೆಯಲ್ಲಿ ಆಯಾ. ಅಮ್ಮಂದಿರು ಒಳಗೆ ಡಬ್ಬಿ ಮಡಚುತ್ತಿರುವಾಗ ಒಂದು ಕೂಸನ್ನು ಕಾಲ ಮೇಲೆ ತೂಗುತ್ತ, ಇನ್ನೊಂದಕ್ಕೆ ಬಾಟಲಿ ಹಿಡಿದು, ಮತ್ತೊಂದರ ಬಾಯಿಂದ ರಟ್ಟಿನ ಚೂರು ತೆಗೆಯುವ ಕೆಲಸ. ಅವಳಿಗೆ ಗ್ಲಾಕೋಮಾ. ಕಣ್ಣೊಳಗಿನ ಒತ್ತಡ ಏರಿ ನರ ಸಾಯುವ ಕಾಯಿಲೆ. ನೋವಿಲ್ಲ, ಸದ್ದಿಲ್ಲ, ಕಳ್ಳನ ಹಾಗೆ ಅಂಚಿನಿಂದ ನೋಟ ಕದಿಯುತ್ತ ಬರುತ್ತದೆ. ಹೋದದ್ದು ಮರಳುವುದಿಲ್ಲ; ದಿನವೂ ಡ್ರಾಪ್ಸ್ ಹಾಕಿಕೊಂಡರೆ ಇದ್ದದ್ದು ಉಳಿಯುತ್ತದೆ. ಇದನ್ನು ಮೊದಲು ಹಿಡಿದದ್ದು ನಿಮ್ಮ ಆಸ್ಪತ್ರೆಯಲ್ಲ. ನಮ್ಮ ಬೀದಿಯ ಕೊನೆಯ ಕನ್ನಡಕದ ಅಂಗಡಿಯ ಹಿಂದಿನ ಕತ್ತಲೆ ಕೋಣೆಯಲ್ಲಿ ಕಣ್ಣು ಪರೀಕ್ಷಿಸುವ ಆಪ್ಟೋಮೆಟ್ರಿಸ್ಟ್. ಬೀದಿಯ ಬಾಯಲ್ಲಿ ‘ಕನ್ನಡಕದ ಮೇಡಂ’. ದೇವತೆಯೇನಲ್ಲ, ನನ್ನ ಮುಖಕ್ಕೆ ಒಪ್ಪದ ಫ್ರೇಮನ್ನು ‘ನಿಮಗೇ ಮಾಡಿಸಿದ ಹಾಗಿದೆ’ ಎಂದು ಕಟ್ಟಿ ಕಳಿಸಿದವರು. ಆದರೂ ಅಕ್ಕ ಓದುವ ಕನ್ನಡಕಕ್ಕೆಂದು ಹೋದಾಗ ಒತ್ತಡ ಅಳೆದು, ‘ಕನ್ನಡಕ ಆಮೇಲೆ, ಮೊದಲು ಆಸ್ಪತ್ರೆಗೆ ನಡೀರಿ’ ಎಂದು ಬಂದ ಗಿರಾಕಿಯನ್ನು ನಿಮ್ಮ ಬಾಗಿಲಿಗೆ ಅಟ್ಟಿದವರು.

ನಿಮ್ಮ ಡಾಕ್ಟರು ಡ್ರಾಪ್ಸ್ ಬರೆದರು. ಸರಿಯಾದ ಔಷಧಿಯೇ. ಆದರೆ ಹಾಕಲು ಶುರುಮಾಡಿದ ಸ್ವಲ್ಪ ದಿನಕ್ಕೆ ಅಕ್ಕನ ಕಣ್ಣು ಕೆಂಡದ ಹಾಗಾಯಿತು. ಕೆಲವರಿಗೆ ಹಾಗಾಗುತ್ತದಂತೆ, ಕಣ್ಣಿಗೇನೂ ಅಪಾಯವಿಲ್ಲವಂತೆ. ಕಣ್ಣಿಗಿಲ್ಲ ಮಾನ್ಯರೇ, ಕೆಲಸಕ್ಕಿದೆ.

‘ಆಯಾ, ಕಣ್ಣು ಬಂದಿದೆಯಲ್ಲ ನಿಮಗೆ! ಮಗೂಗೆ ಅಂಟಿದ್ರೆ?’

‘ಅಂಟೋದಲ್ಲಮ್ಮ ಇದು. ಔಷಧಿಗೆ ಕೆಂಪಾಗಿದೆ.’

‘ಯಾತರ ಔಷಧಿ?’

ನೋಟ ಕಳೆದುಕೊಳ್ಳುತ್ತಿರುವ ಆಯಾಳ ಕೈಗೆ ಯಾವ ತಾಯಿ ಕೂಸು ಕೊಡುತ್ತಾಳೆ? ‘ಧೂಳು ಬಿದ್ದಿತ್ತು, ಅದಕ್ಕೆ’ ಎಂದಳು ಅಕ್ಕ. ಡ್ರಾಪ್ಸ್ ಹಾಕುವುದನ್ನೇ ನಿಲ್ಲಿಸಿದಳು. ಕಣ್ಣು ಬೆಳ್ಳಗಾಯಿತು, ಕೂಸುಗಳು ಮಡಿಲಿಗೆ ವಾಪಸಾದವು. ಆಮೇಲೊಂದು ಉಪಾಯ ಕಂಡುಕೊಂಡಳು. ನೆಂಟರು ಬರುತ್ತಾರೆಂದಾಗ ಮಾತ್ರ ಮನೆ ಗುಡಿಸುವವರಿಲ್ಲವೇ, ಹಾಗೆ ನಿಮ್ಮ ಆಸ್ಪತ್ರೆಯ ದಿನ ಹತ್ತಿರವಾದಾಗ ಮಾತ್ರ ರಜೆ ಪಡೆದು ಡ್ರಾಪ್ಸ್ ಹಾಕಿಕೊಳ್ಳುವಳು. ನೀವು ಅಳೆಯುವ ಹೊತ್ತಿಗೆ ಒತ್ತಡ ಇಳಿದು, ಮನೆ ಥಳಥಳ. ‘ಚೆನ್ನಾಗಿದೆಯಮ್ಮ, ಇದನ್ನೇ ಮುಂದುವರಿಸು’ ಎಂದರು ಡಾಕ್ಟರು. ಅಕ್ಕ ಅದನ್ನೇ ಮುಂದುವರಿಸಿದಳು.

ಸುಳ್ಳು ಹೇಳಿದವಳು ನಿಮ್ಮಕ್ಕ, ನಮ್ಮದೇನು ತಪ್ಪು ಎನ್ನುವಿರಿ. ಬನ್ನಿ, ರೋಗಿಗಳು ಕಾಯುವ ನಿಮ್ಮದೇ ಹಾಲ್ ಅನ್ನು ನಿಮಗೆ ತೋರಿಸುತ್ತೇನೆ. ನೀವು ಪಕ್ಕದ ಬಾಗಿಲಿಂದ ಓಡಾಡುವವರು, ನೋಡಿರಲಿಕ್ಕಿಲ್ಲ. ಬಾಗಿಲಲ್ಲಿ ನಿಮ್ಮ ಅಟೆಂಡರ್ ಕೂಗುತ್ತಾನೆ: ‘ಗ್ಲಾಕೋಮಾದವರೆಲ್ಲ ಎಡಗಡೆ ಬೆಂಚು! ಪೊರೆಯವರು ಬಲಗಡೆ! ಏ ಅಜ್ಜ, ನಿಂದು ಪೊರೆ, ಅಲ್ಯಾಕೆ ಕೂತೆ?’ ಬಲಗಡೆಯ ಬೆಂಚಿನಲ್ಲಿ ಕಾರ್ಖಾನೆಯ ಹೆಣ್ಣುಮಕ್ಕಳ ಅತ್ತೆಯರು, ಸೂಪರ್‌ವೈಸರನ ತಾಯಿ. ಎಡಗಡೆ ಮಾಸ್ಕನ್ನು ಕಣ್ಣಿನವರೆಗೆ ಏರಿಸಿಕೊಂಡು ಕೂತ ನನ್ನಕ್ಕ. ಮೇಜಿನ ಹಿಂದಿನಿಂದ ನರ್ಸಮ್ಮನ ಪ್ರಶ್ನೆ: ‘ದಿನಾ ಡ್ರಾಪ್ಸ್ ಹಾಕ್ಕೊಳ್ತೀಯೇನಮ್ಮಾ? ಜೋರಾಗಿ ಹೇಳು, ಮಾಸ್ಕ್ ತೆಗಿ, ಕೇಳಿಸ್ತಿಲ್ಲ!’ ನರ್ಸಮ್ಮನ ತಲೆಯ ಮೇಲೆ, ಚಿನ್ನದ ಬಣ್ಣದ ಅಕ್ಷರಗಳಲ್ಲಿ, ನಿಮ್ಮ ಫಲಕ: ‘ರೋಗಿಯ ಗೌಪ್ಯತೆ ನಮ್ಮ ಪವಿತ್ರ ಹೊಣೆ.’ ಹೇಳಿ, ಆ ಹಾಲ್‌ನಲ್ಲಿ ನಿಂತು ‘ಇಲ್ಲ ಸಿಸ್ಟರ್, ಕಣ್ಣು ಕೆಂಪಾಗುತ್ತೆ, ಕೆಲಸ ಹೋಗುತ್ತೆ’ ಎಂದು ನೀವಾದರೂ ಅನ್ನುತ್ತಿದ್ದಿರಾ? ಅಕ್ಕ ‘ಹಾಕ್ಕೊಳ್ತೀನಿ’ ಎಂದಳು. ಅದು ಆ ಕಿರುಚಾಟಕ್ಕೆ ತಕ್ಕ ಉತ್ತರ.

ನಿಜ ಹೇಳಿದ್ದು ಆ ಕತ್ತಲೆ ಕೋಣೆಯಲ್ಲಿ. ಕನ್ನಡಕದ ಕಡ್ಡಿ ಮುರಿದು ಅಂಗಡಿಗೆ ಹೋಗಿದ್ದಳು. ಬಂದವಳನ್ನು ಮೇಡಂ ಕೂರಿಸಿ ಒತ್ತಡ ನೋಡಿದರು. ಬೆಟ್ಟ ಹತ್ತಿ ಕೂತಿತ್ತು. ಬಾಗಿಲು ಹಾಕಿ, ದನಿ ತಗ್ಗಿಸಿ, ‘ಡ್ರಾಪ್ಸ್ ಹಾಕೋದು ನಿಲ್ಲಿಸಿದೀರಾ?’ ಎಂದು ಕೇಳಿದರು. ಅಷ್ಟೇ ಸಾಕಾಯಿತು, ಎಲ್ಲ ಹೊರಬಂತು.

‘ಯಾರಿಗೂ ಹೇಳಬೇಡಿ ಮೇಡಂ.’

‘ಡಾಕ್ಟರಿಗೆ?’

‘ಡಾಕ್ಟರಿಗೆ ನೀವೇ ಹೇಳಿ. ಅಲ್ಲಿ ನನಗೆ ಬಾಯಿ ಬರಲ್ಲ. ನನ್ನ ತಂಗಿಗೆ ಮಾತ್ರ ಬೇಡ ಮಾರಾಯ್ತಿ, ಅವಳು ಮೈಕ್ ಹಿಡ್ಕೊಂಡು ಬೀದಿಗೆ ಇಳೀತಾಳೆ.’

ಆ ತಂಗಿಯೇ ನಾನು. ನನಗೆ ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ನಾನವಳ ಕಣ್ಣಿಗೆ ಮದ್ದು ಕೊಡುವವಳಲ್ಲ. ಗುಟ್ಟಿನ ಒಡತಿ ಅವಳು. ಯಾರಿಗೆ ಬೇಡ, ಯಾರಿಗೆ ಬೇಕು ಎಂದು ಸ್ಪಷ್ಟವಾಗಿ ಹೇಳಿದ್ದಳು. ಮೇಡಂ ಆಗಲೇ ನಿಮ್ಮ ಆಸ್ಪತ್ರೆಗೆ ಫೋನ್ ಮಾಡಿದರು. ಅಕ್ಕ ಪಕ್ಕದಲ್ಲೇ ಕೂತು ಕೇಳಿಸಿಕೊಂಡಿದ್ದು ಇದು:

‘ಪೇಶೆಂಟ್ ವಿಷಯ ಹೊರಗಿನವರ ಹತ್ರ ಮಾತಾಡಲ್ಲಮ್ಮ. ಗೌಪ್ಯತೆ.’

‘ನಾನು ಕೇಳ್ತಿಲ್ಲ ಸರ್, ಹೇಳ್ತಿದೀನಿ. ಪೇಶೆಂಟೇ ಹೇಳಿ ಅಂದಿದಾರೆ, ಇಲ್ಲೇ ಇದಾರೆ.’

‘ಕೇಳೋದೂ ಇಲ್ಲ, ಹೇಳೋದೂ ಇಲ್ಲ. ನೀವು ಕನ್ನಡಕ ಮಾರ್ಕೊಂಡಿರಿ, ಕಾಯಿಲೆ ನಮಗೆ ಬಿಡಿ.’

ಬಿಟ್ಟರು. ಆಮೇಲೂ ಎರಡು ಸಲ ಫೋನ್ ಮಾಡಿದರಂತೆ, ಅದೇ ಮಂಗಳಾರತಿ. ಆಕೆ ನಿಮ್ಮ ಬಾಗಿಲಿಗೇ ಬಂದು ಕೂರಬೇಕಿತ್ತು ಎಂದು ನನಗೆ ಸಿಟ್ಟಿದೆ. ಆಕೆಯ ಮುಖಕ್ಕೇ ಹೇಳಿದ್ದೇನೆ. ‘ಬಂದಿದ್ರೆ ಯಾವ ಬೆಂಚಿನಲ್ಲಿ ಕೂರಿಸ್ತಿದ್ರು?’ ಎಂದು ಕೇಳಿದರು.

ಔಷಧಿ ಬದಲಿಸುವುದು ಆಪ್ಟೋಮೆಟ್ರಿಸ್ಟ್ ಕೆಲಸವಲ್ಲ ಎನ್ನುವಿರಿ. ಒಪ್ಪಿದೆ, ಆಕೆ ಬದಲಿಸಲೂ ಇಲ್ಲ. ಆದರೆ ಗುಡಿಸಿಟ್ಟ ಮನೆಯನ್ನು ನೋಡಿಹೋಗುವ ನೆಂಟರು ನೀವು. ನಡುವಿನ ದಿನಗಳ ಕಸ ಕಂಡವರು ಆಕೆ. ನೀವು ಕಂಡದ್ದೂ ಆಕೆ ಕಂಡದ್ದೂ ಒಂದೇ ಒಂದು ಸಲ ಒಟ್ಟಿಗೆ ಬಂದಿದ್ದರೆ ಸಣ್ಣ ಮಗುವಿಗೂ ನಿಜ ತಿಳಿಯುತ್ತಿತ್ತು. ಎತ್ತು ಏರಿಗೆಳೆಯಿತು, ಕೋಣ ನೀರಿಗೆಳೆಯಿತು ಎನ್ನುತ್ತಾರೆ. ಆ ಗಾದೆಯಲ್ಲೂ ಎರಡಕ್ಕೂ ಒಂದು ನೊಗವಿರುತ್ತದೆ ಸ್ವಾಮಿ. ನಿಮ್ಮಲ್ಲಿ ನೊಗವೇ ಇಲ್ಲ, ಗತ್ತು ಮಾತ್ರ. ಗೌಪ್ಯತೆ ಎಂಬುದು ರೋಗಿಗೆ ಹೊದಿಸಬೇಕಾದ ಹೊದಿಕೆ. ನೀವದನ್ನು ನಿಮ್ಮ ಕುರ್ಚಿಗೆ ಹೊದಿಸಿಕೊಂಡು, ರೋಗಿಯನ್ನು ಹಾಲ್‌ನಲ್ಲಿ ಬೆತ್ತಲೆ ನಿಲ್ಲಿಸಿದಿರಿ.

ಮುಂದಿನದು ಬೇಗ ಮುಗಿಯುತ್ತದೆ. ಒಂದು ಮಧ್ಯಾಹ್ನ ಮಕ್ಕಳ ಕೋಣೆಯಲ್ಲಿ ಅಕ್ಕನ ಎಡಗಡೆಯಿಂದ ಅಂಬೆಗಾಲಿಟ್ಟು ಬಂದ ಕೂಸಿನ ಬೆರಳುಗಳ ಮೇಲೆ ಅವಳ ಕಾಲು ಬಿತ್ತು. ಬೆರಳು ಊದಿತು, ಮುರಿಯಲಿಲ್ಲ, ವಾರದಲ್ಲಿ ವಾಸಿಯಾಯಿತು. ವಾಸಿಯಾಗದಿದ್ದುದು ಅಕ್ಕ. ‘ಅತ್ತಿದ್ದು ಕೇಳಿಸ್ತು ಕಣೇ, ಎಲ್ಲಿದೆ ಅಂತ ಕಾಣಿಸಲಿಲ್ಲ’ ಎಂದು ಅಂದು ನನಗೆ ಮೊದಲ ಸಲ ಎಲ್ಲ ಹೇಳಿದಳು. ಯಾರೂ ಅವಳನ್ನು ತೆಗೆದುಹಾಕಲಿಲ್ಲ. ಅವಳೇ ಮಕ್ಕಳ ಕೋಣೆಯ ಬೀಗದ ಕೈ ತಂದು ಸೂಪರ್‌ವೈಸರನ ಮೇಜಿನ ಮೇಲಿಟ್ಟು ಬಂದಳು.

ನಾನು ಅವಳ ಕೈ ಹಿಡಿದು ನಿಮ್ಮಲ್ಲಿಗೆ ಕರೆತಂದೆ. ಡಾಕ್ಟರ ಕೋಣೆಗೆ ನುಗ್ಗಿ, ಬಾಗಿಲು ಹಾಕಿ, ಹೇಳಿಸಿದೆ. ಅವರು ಒಳ್ಳೆಯವರು, ಕೇಳಿ ಬೆಪ್ಪಾದರು. ‘ಒತ್ತಡ ಸರಿ ಇದ್ರೂ ನರ ಯಾಕೆ ಸೊರಗ್ತಿದೆ ಅಂತ ನಾನೂ ತಲೆ ಕೆಡಿಸ್ಕೊಂಡಿದ್ದೆ. ಮೊದಲೇ ಹೇಳಬಾರದಿತ್ತೇನಮ್ಮ? ಕಣ್ಣು ಅಷ್ಟು ಕೆಂಪಾಗದ ಡ್ರಾಪ್ಸ್ ಇತ್ತಲ್ಲ!’

ಇತ್ತಲ್ಲ. ಮಾನ್ಯರೇ, ಆ ಒಂದು ಮಾತನ್ನು ಅಕ್ಕ ಈಗಲೂ ಅಡುಗೆ ಮಾಡುವಾಗ, ಬಟ್ಟೆ ಮಡಚುವಾಗ, ತನ್ನಷ್ಟಕ್ಕೆ ಹೇಳಿಕೊಳ್ಳುತ್ತಾಳೆ. ಬೇರೆ ಬಾಟಲಿ ಇತ್ತು. ಬರೆಯುವ ಕೈ ಇತ್ತು. ಹೇಳಲು ಒಬ್ಬರು ಫೋನ್ ಹಿಡಿದು ನಿಂತಿದ್ದರು. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದಿರಿ ಎನ್ನೋಣವೆಂದರೆ, ಆ ಬಾಗಿಲನ್ನೂ ನೀವು ಸರಿಯಾಗಿ ಹಾಕಿಲ್ಲ: ಹೋದ ಸಲವೂ ಅಟೆಂಡರ್ ‘ಗ್ಲಾಕೋಮಾ ಎಡಗಡೆ’ ಎಂದೇ ಕೂಗಿದ. ಡಾಕ್ಟರು ಆಮೇಲೆ ಬರೆದುಕೊಟ್ಟ ಹೊಸ ಡ್ರಾಪ್ಸ್‌ಗೆ ಒತ್ತಡ ಎಷ್ಟಕ್ಕೆ ಇಳಿಯಬೇಕು ಎಂದು ಮೇಡಂ ಕೇಳಿದ್ದಕ್ಕೆ ಈಗಲೂ ‘ಹೊರಗಿನವರಿಗೆ ಹೇಳಲ್ಲ’.

ಈ ಪತ್ರವನ್ನು ಅಚ್ಚಿಗೆ ಕೊಡುವ ಮುನ್ನ ಅಕ್ಕನಿಗೆ ಓದಿ ಹೇಳಿದೆ. ‘ಹೆಸರು ಹಾಕಬೇಡ’ ಎಂದಳು. ‘ಊರಿಗೆಲ್ಲ ಗೊತ್ತಾಗಿದೆಯಲ್ಲೇ’ ಎಂದೆ. ‘ಊರಿಗೆ ಗೊತ್ತಾಗೋದು ಬೇರೆ, ನಾನು ಹೇಳೋದು ಬೇರೆ’ ಎಂದಳು. ಇನ್ನೆರಡು ಸಂಗತಿಗಳನ್ನೂ ತೆಗೆಸಿದಳು. ಅವು ಏನೆಂದು ನಿಮಗೆ ತಿಳಿಯುವುದಿಲ್ಲ. ಕೂಸಿನ ಬೆರಳಿನ ವಿಷಯ ಬಿಡೋಣವೇ ಎಂದು ಕೇಳಿದ್ದಕ್ಕೆ ‘ಅದಿರಲಿ’ ಎಂದಳು. ಅಷ್ಟೇ ನೋಡಿ ಗೌಪ್ಯತೆ ಎಂದರೆ. ಕೇಳುವುದು. ಒಂದು ಲೋಟ ಚಹಾ ಮುಗಿಯುವುದರೊಳಗೆ ಆಯಿತು.

ನನ್ನ ಒತ್ತಾಯ ಇದೇ: ಬಾಗಿಲಿರುವ ಒಂದು ಕೋಣೆಯಲ್ಲಿ ಅವಳನ್ನು ಕೂರಿಸಿ, ‘ನಿನ್ನ ಕಣ್ಣಿನ ವಿಷಯ ಯಾರಿಗೆ ಹೇಳಲಿ, ಯಾರಿಂದ ಕೇಳಲಿ?’ ಎಂದು ಒಮ್ಮೆ ಕೇಳಿ. ಅವಳು ಹೇಳಿದವರ ಫೋನ್ ಎತ್ತಿ. ನೀವು ಎತ್ತುತ್ತೀರೆಂಬ ಭರವಸೆ ನನಗಿಲ್ಲ. ಮುಂದಿನ ತಪಾಸಣೆಗೆ ಬರುತ್ತೇವೆ. ಕೂಗಿಸಿ, ಎಡಗಡೆಗೆ ಬರುತ್ತೇವೆ. ಆ ಬೆಂಚು ಎಲ್ಲಿದೆಯೆಂದು ಈಗ ಅಕ್ಕನಿಗೆ ನಾನು ತೋರಿಸಬೇಕಾಗುತ್ತದೆ, ಅಷ್ಟೇ.

ಇಂತಿ,
ಅಕ್ಕನ ಎಡಗಡೆ ನಡೆಯುತ್ತಿರುವ,
ನಿಮ್ಮ ಲೆಕ್ಕದ ಹೊರಗಿನವಳು