ಗಾಬರಿ ಬೀಳದ ಆಟ

ಗುರುವಾರ, ೧೪. ರಾತ್ರಿ.

ಬೆಳಿಗ್ಗೆಯಿಂದ ಒಂದೇ ಚಿಂತೆ. ನಾನು ಬರೆದ ಚೆಸ್ ಪ್ರೋಗ್ರಾಮಿನ ಹೊಸ ಆವೃತ್ತಿಯನ್ನು ಸಂಜೆ ಭಾವನ ಮುಂದೆ ಇಡಬೇಕಿತ್ತು. ಒಂಬತ್ತನೇ ಕ್ಲಾಸಿಗೇ ಶಾಲೆ ಬಿಟ್ಟವನಿಗೆ ಇದೆಲ್ಲ ಯಾಕೆ ಅಂತ ಭಾವ ಯಾವತ್ತೂ ಅಂದಿಲ್ಲ. ಆದರೆ "ಇದೂ ಹಳೇದರ ಹಾಗೇ ಆಡಿದ್ರೆ ನನ್ನ ಕಂಪ್ಯೂಟರಿಂದ ತೆಗೆದುಬಿಡ್ತೀನಿ ನೋಡು" ಅಂದಿದ್ದರು.

ಹಳೇದರ ಚಾಳಿ ನನಗೂ ಗೊತ್ತು. ಕುದುರೆ ಸಿಕ್ಕಿಬಿದ್ದರೆ ಸಾಕು, ಅದು ಸಾಯುವುದನ್ನು ಒಂದೊಂದು ನಡೆ ಮುಂದೂಡಲು ಕಾಲಾಳುಗಳನ್ನೆಲ್ಲ ಸುಮ್ಮಸುಮ್ಮನೆ ಕೊಟ್ಟುಬಿಡುತ್ತಿತ್ತು. ಕೊನೆಗೆ ಕುದುರೆಯೂ ಹೋಗುತ್ತಿತ್ತು. ಈ ಸಲ ಇನ್ನಷ್ಟು ನಡೆ ಆಚೆ ನೋಡುವ ಹಾಗೆ ತಿದ್ದಿದ್ದೆ.

ಇವತ್ತೂ ಕುದುರೆ ಸಿಕ್ಕಿಬಿತ್ತು. ನಾನು ಪರದೆಯಿಂದ ಮುಖ ತಿರುಗಿಸಿದೆ.

"ಶುರುವಾಯ್ತು ನೋಡು ದಾನಧರ್ಮ" ಅಂತ ಭಾವ ನಕ್ಕರು.

ಅದು ದಾನ ಮಾಡಲಿಲ್ಲ. ಕುದುರೆಯನ್ನು ಅದರ ಪಾಡಿಗೆ ಬಿಟ್ಟು, ಇನ್ನೊಂದು ತುದಿಯ ಕಾಲಾಳನ್ನು ಮುಂದೆ ತಳ್ಳಿತು. ಭಾವ ಕುದುರೆ ಹೊಡೆದರು. ಅದು ಮತ್ತೆ ತಳ್ಳಿತು. ಆ ಕಾಲಾಳು ಕೊನೆಯ ಮನೆ ಮುಟ್ಟಿ ರಾಣಿಯಾಗುವ ಹೊತ್ತಿಗೆ ಭಾವನ ಟೀ ಆರಿಹೋಗಿತ್ತು.

"ಏನಯ್ಯಾ, ಇದು ಗಾಬರಿನೇ ಬೀಳಲ್ವಲ್ಲ!"

ಅಕ್ಕ ಒಳಗಿಂದಲೇ, "ಹಳೇದು ಥೇಟ್ ಇವನೇ ಆಗಿತ್ತು ಕಣ್ರೀ. ಇದು ಯಾರನ್ನ ಹೋಲುತ್ತೋ!" ಅಂದಳು.

ಭಾವ ಇದನ್ನು ತೆಗೆಯಲಿಲ್ಲ. ಹಳೇದನ್ನು ಅಳಿಸಿ, "ಇನ್ನೊಂದಾಟ" ಅಂತ ಕುರ್ಚಿ ಎಳೆದುಕೊಂಡರು. ನನ್ನ ಎದೆ ಇನ್ನೂ ಉಬ್ಬಿಕೊಂಡೇ ಇದೆ. ಅಷ್ಟು ಧೈರ್ಯದ್ದು ನನ್ನ ಕೈಯಿಂದ ಬಂತು.

ಚಿಲಕ ಹಾಕಿದೆನಾ ಅಂತ ಮತ್ತೆ ಎದ್ದು ನೋಡಬೇಕು ಅನಿಸುತ್ತಿದೆ. ಆಗಲೇ ಎರಡು ಸಲ ನೋಡಿಯಾಯಿತು. ನನ್ನ ಜಾಗದಲ್ಲಿ ಆ ಪ್ರೋಗ್ರಾಮ್ ಇದ್ದಿದ್ದರೆ ಏಳುತ್ತಿರಲಿಲ್ಲ. ನಾನೂ ಇವತ್ತು ಏಳಬಾರದು...