ಬೆರಳಿಗೆ ಸಿಕ್ಕ ನರ

ಮಾರ್ಚ್ ೧೨, ಗುರುವಾರ

ಸರ್ಕಾರಿ ಆಸ್ಪತ್ರೆಯೋ ಖಾಸಗಿಯೋ, ನಾಳೆ ಹತ್ತು ಗಂಟೆಯೊಳಗೆ ಹೇಳಲೇಬೇಕು. ಎರಡೂ ಕಡೆ ನರ್ಸ್ ಕೆಲಸ ಸಿಕ್ಕಿದೆ. ಖಾಸಗಿಯಲ್ಲಿ ಚರ್ಮದ ಮೇಲೆ ಬೆಳಕು ಚೆಲ್ಲಿ ನರ ತೋರಿಸುವ ಯಂತ್ರವಿದೆ. ಕಳೆದ ವಾರ ಅದನ್ನು ನೋಡಿ ಅಲ್ಲಿಗೇ ಸೇರುವುದೆಂದುಕೊಂಡಿದ್ದೆ.

ಇವತ್ತು ಸರ್ಕಾರಿ ವಾರ್ಡಿನಲ್ಲಿ ನನ್ನ ತರಬೇತಿಯ ಕೊನೆಯ ದಿನ. ವಾಂತಿಭೇದಿಯಿಂದ ಬತ್ತಿಹೋದ ಅಜ್ಜಿಯೊಬ್ಬಳಿಗೆ ಡ್ರಿಪ್ ಹಾಕಬೇಕಿತ್ತು. ಎರಡು ಸಲ ಚುಚ್ಚಿದೆ, ನರ ಸಿಗಲಿಲ್ಲ.

"ನನ್ನ ಕೈಯಲ್ಲಿ ಏನೇ ಕಳ್ಕೊಂಡಿದೀಯ?" ಎಂದಳು ಅಜ್ಜಿ.

ದೊಡ್ಡ ಸಿಸ್ಟರ್ ಬಂದು ಅವಳ ಕೈ ಹಿಡಿದರು. ಕಿಟಕಿಯತ್ತ ನೋಡುತ್ತಲೇ ಒಂದು ಬೆರಳು ಸರಿಸಿದರು. ಮೊಣಕೈಯ ಕೆಳಗೊಂದು ಕಡೆ ಅದು ನಿಂತಿತು. ನನ್ನ ಬೆರಳನ್ನು ಅಲ್ಲಿಟ್ಟರು. "ಕಣ್ಣಿಗೆ ಕಾಣಲ್ಲ ಕಣಮ್ಮ. ಒತ್ತಿ ನೋಡು."

ಏನೋ ಮೆತ್ತಗೆ ಪುಟಿಯಿತು. ಅಷ್ಟು ಒಣಗಿದ ಕೈಯೊಳಗೆ! ಮೈ ಜುಮ್ಮೆಂದಿತು. ಅಲ್ಲೇ ಚುಚ್ಚಿದೆ, ಸೂಜಿಯಲ್ಲಿ ರಕ್ತ ಕಾಣಿಸಿತು, ನರ ಸಿಕ್ಕಿತ್ತು.

"ಇದು ಬರೋಕೆ ಎಷ್ಟು ವರ್ಷ ಬೇಕು ಸಿಸ್ಟರ್?"

"ಈ ವಾರ್ಡಲ್ಲಾದ್ರೆ ಬೇಗ ಬರುತ್ತೆ. ದಿನಾ ಮೂವತ್ತು ಕೈ ಸಿಗುತ್ತಲ್ಲ!"

ಖಾಸಗಿಯವರಿಗೆ ಬರುವುದಿಲ್ಲವೆಂದು ಬರೆದೆ. ಮಗಳು ಪಿಂಚಣಿ ನೋಡಿ ಸರ್ಕಾರಿ ಕೆಲಸ ಒಪ್ಪಿದಳೆಂದು ಅಮ್ಮನಿಗೆ ಖುಷಿ. ನಿಜ ಹೇಳೋಣವೆಂದು ಅವಳ ಕೈ ಹಿಡಿದೆ. ಮಾತಿಗೆ ಮೊದಲೇ ಬೆರಳು ಅಲ್ಲಿ ನರ ಹುಡುಕುತ್ತಿತ್ತು.