ಕಿಟಕಿಯ ಕಳೆ

ಭಾಂಡುಪ್
೧೮ ಸೆಪ್ಟೆಂಬರ್ ೨೦೨೫

ಸೌಭಾಗ್ಯವತಿ ವಸಂತಿಗೆ,

ಮೊದಲು ತಪ್ಪೊಪ್ಪಿಗೆ. ದೇವರ ಮೇಲೆ ಪ್ರಮಾಣ ಮಾಡಿ ಹೇಳುತ್ತಿದ್ದೇನೆ: ನಿನ್ನ ತವರಿನಿಂದ ಬಂದ ಹಿತ್ತಾಳೆಯ ಪಾಯಸದ ಸೌಟು ಇನ್ನು ಪಾಯಸಕ್ಕೆ ಯೋಗ್ಯವಲ್ಲ. ಅದನ್ನು ಹಿಡಿದು ನಾನು ಬಿಲ್ಡಿಂಗಿನ ಹಿಂದಿನ ಗುಡ್ಡಕ್ಕೆ ಕನ್ನ ಹಾಕಿದ್ದೇನೆ. ಕನ್ನ ಹಾಕಿದ್ದು ಕನ್ನೆಗಾಗಿ. ಗಾಬರಿಯಾಗಬೇಡ, ಕನ್ನೆ ಸೊಪ್ಪು, ನೀಲಿ ಹೂವಿನದು. ನೀನಿಲ್ಲದ ಮನೆಗೆ ಈ ವಯಸ್ಸಿನಲ್ಲಿ ನಾನು ಕರೆತರಬಹುದಾದ ಕನ್ನೆ ಅದೊಂದೇ.

ಇಲ್ಲಿ ನಾನು ಅಷ್ಟೇನೂ ಕ್ಷೇಮವಲ್ಲ. ಅಲ್ಲಿ ನೀನು ಬಹಳ ಕ್ಷೇಮವೆಂದು ಗೊತ್ತು. ಕಾಗದ ತಡವಾಯಿತು, ಕ್ಷಮಿಸು. ಒಂದೇ ಮುಂಬೈಯೊಳಗೆ ಭಾಂಡುಪ್‌ನಿಂದ ಅಂಧೇರಿಗೆ ಯಾರಾದರೂ ಕಾಗದ ಬರೆಯುತ್ತಾರೆಯೇ ಎಂದು ನಮ್ಮ ಮಗಳು ಶ್ರೇಯಾ ನಗಬಹುದು. ಆದರೆ ಫೋನ್ ಮಾಡಿದರೆ ನೀನು ಅದನ್ನು ಮೊಮ್ಮಗಳ ಮುಂದೆ ಹಿಡಿಯುತ್ತೀ. 'ಗೂ ಗೂ' ಎನ್ನುತ್ತಾ ಜಗಳವಾಡುವುದು ಹೇಗೆ?

ಮಗಳ ಬಾಣಂತನಕ್ಕೆಂದು ಜೂನಿನಲ್ಲಿ ಹೋದವಳು ಅಷ್ಟಮಿಗೆ ಬರುತ್ತೇನೆ ಎಂದೆ, ಚೌತಿಗೆ ಎಂದೆ, ಈಗ ನವರಾತ್ರಿ ಎನ್ನುತ್ತೀ. ರಿಟೈರಾದ ಗಂಡಸು ಎಷ್ಟು ಹೊತ್ತು ಪೇಪರ್ ಓದಿಯಾನು? ಮಳೆ ಹಿಡಿದ ಮೇಲೆ ಗುಡ್ಡ ಹತ್ತಿದೆ. ಇಷ್ಟು ವರ್ಷ ಲೋಕಲ್‌ನ ಬಾಗಿಲಲ್ಲಿ ನೇತಾಡುತ್ತಾ ಕಂಡ ಅದೇ ಗುಡ್ಡ. ಬರೀ ಹಸಿರು ಅಂದುಕೊಂಡಿದ್ದೆ. ಬಗ್ಗಿ ನೋಡಿದರೆ ಬಿಳಿ ತುಂಬೆ, ಹಳದಿ ಸೋನ್ಕಿ, ನಮ್ಮೂರ ಕರ್ಣಕುಂಡಲದ ಕಾಡುತಂಗಿಯಂಥ ಗುಲಾಬಿ ತೇರ್ಡಾ. ಯಾರೂ ನೆಟ್ಟದ್ದಲ್ಲ, ಯಾರೂ ನೀರು ಹಾಕಿದ್ದಲ್ಲ. ಒಂದೊಂದಾಗಿ ತಂದೆ. ಕಿಟಕಿಯ ಗ್ರಿಲ್ ತುಂಬಾ ತುಂಬೆಯಾಯಿತು. ಜಾಗ ಸಾಲದೆ ನಿನ್ನ ಮಲ್ಲಿಗೆ ಕುಂಡಗಳನ್ನು ಬಾತ್‌ರೂಮಿಗೆ ವರ್ಗ ಮಾಡಿದೆ.

ವಿಡಿಯೋದಲ್ಲಿ ತೋರಿಸಿದಾಗ ನೀನು ಹೇಳಿದ್ದು ಒಂದೇ ಮಾತು. "ಎಂತ ಮಾರಾಯ್ರೆ, ನನ್ನ ಮಲ್ಲಿಗೆ ತೆಗ್ದು ಕಳೆ ಸಾಕ್ತಾ ಇದ್ದೀರಾ?"

"ಮುಖಕ್ಕಾದರೂ ಮನೆಗಾದರೂ ಕಳೆ ಬೇಕು ಕಣೇ," ಎಂದು ನಾನು ನಕ್ಕೆ. ಶ್ಲೇಷೆ ಚೆನ್ನಾಗಿತ್ತು. ನೀನು ನಗಲಿಲ್ಲ.

ಚೌತಿ ಕಳೆದು ಸೊಸೈಟಿಯ ಸೆಕ್ರೆಟರಿ ಸ್ನೇಹಲ್ ಇಬ್ಬರು ಆಳುಗಳೊಂದಿಗೆ ಬಂದಳು. ಕಂಪ್ಲೇಂಟ್ ಬಂದಿದೆಯಂತೆ, ಸೊಳ್ಳೆಯಂತೆ, ಕೆಳಗಿನವರ ಬಟ್ಟೆಗೆ ಕೆಸರಂತೆ. ನಾನು ನೋಡುತ್ತಿದ್ದಂತೆ ತುಂಬೆ, ತೇರ್ಡಾ, ಸೋನ್ಕಿ, ನನ್ನ ಕನ್ನೆ, ಎಲ್ಲವೂ ಗೋಣಿಗೆ ಹೋದವು. ಅಡುಗೆಮನೆಯ ಕಿಟಕಿಯಲ್ಲಿ ತುಳಸಿಯ ಪಕ್ಕದ ಒಂದು ಕುಂಡವನ್ನು ಮಾತ್ರ ಅದೂ ಪೂಜೆಯದೇ ಇರಬೇಕೆಂದು ಬಿಟ್ಟಳು.

ಅವತ್ತೇ ನಿನಗೆ ಫೋನ್ ಮಾಡಿದೆ. "ಅಯ್ಯೋ ಪಾಪ! ಯಾರ್ ಮಾರಾಯ್ರೆ ಅಂಥ ಹೊಟ್ಟೆಕಿಚ್ಚಿನವ್ರು?" ಎಂದೆ ನೀನು. ತುಂಬೆ ಹೋಯಿತು, ಕಣ್ಣು ತುಂಬಿತು.

ನಿನ್ನೆ ಲಿಫ್ಟಿನಲ್ಲಿ ಸ್ನೇಹಲ್ ಸಿಕ್ಕಳು. "ಕಾಕಾ, ಏಕ್ ವಿಚಾರೂ? ಫೋನ್‌ವರ್ ಸಾಂಗಿತ್ಲಂ, ತುಮ್ಚ್ಯಾ ಖಿಡಕೀತ್ ಖೂಪ್ ಕಳೇ ಝಾಲೇತ್. ಕಳೇ ಮ್ಹಣಜೇ ಕಾಯ್? ಕಳ್ಯಾ?"

ನನ್ನ ಕಿಟಕಿಯಲ್ಲಿ 'ಕಳೇ' ತುಂಬಿದೆ ಎಂದು ಫೋನಿನಲ್ಲಿ ದೂರು; ಕಳೇ ಎಂದರೇನು, ಕಳ್ಯಾ ಇರಬಹುದೇ ಎಂದು ಅವಳ ಪ್ರಶ್ನೆ. ಮರಾಠಿಯಲ್ಲಿ ಕಳ್ಯಾ ಎಂದರೆ ಮೊಗ್ಗುಗಳು. ಮೊಗ್ಗು ಬಿಟ್ಟಿತೆಂದು ಯಾರಾದರೂ ದೂರು ಕೊಡುತ್ತಾರೆಯೇ ಎಂದು ಆ ಹುಡುಗಿಗೆ ಒಗಟು. ಮರಾಠಿಯವರ ಬಾಯಲ್ಲಿ ಕಳೆ 'ತಣ್' ಆಗುತ್ತದೆ. ಫೋನ್ ಮಾಡಿದ್ದು ಯಾರಮ್ಮಾ ಎಂದು ಕೇಳಿದೆ. "ನಾವ್ ನಾಹೀ ಸಾಂಗಣಾರ್!" ಎಂದು ಹೆಸರು ಬಿಟ್ಟುಕೊಡದೆ ನಕ್ಕಳು. ಹೆಸರು ಹೇಳುವ ಅಗತ್ಯವೇ ಇರಲಿಲ್ಲ. ನಮ್ಮ ಬಿಲ್ಡಿಂಗಿನಲ್ಲಿ ಕಳೆಯನ್ನು ಕಳೆ ಎನ್ನುವವರು ಇಬ್ಬರೇ. ಒಬ್ಬ ನಾನು, ನನ್ನ ಮೇಲೆ ನಾನೇ ದೂರು ಕೊಡುವಷ್ಟು ನಿಷ್ಪಕ್ಷಪಾತಿಯಲ್ಲ. ಶ್ರೇಯಾಳ ಬಾಯಲ್ಲಿ ಅದು 'ವೀಡ್'. ಅಳಿಯ ಹಿತೇಶನಿಗೆ ಕೊತ್ತಂಬರಿಯಿಂದ ಆಲದ ಮರದವರೆಗೆ ಎಲ್ಲವೂ 'ಪ್ಲಾಂಟ್'.

ಇರಲಿ. ಉಳಿದ ಆ ಒಂದು ಕುಂಡ ಸಾಕು ನನಗೆ. ಗುಡ್ಡದ ಮಣ್ಣಿನಲ್ಲಿ ತಾನಾಗಿ ಎದ್ದ ಗಿಡ. ಪುಟ್ಟ ಗಂಟೆಯಂಥ ನಸುಗುಲಾಬಿ ಹೂ ಬಿಟ್ಟಿತ್ತು. ನನ್ನ ಹೂವಿನ ಪುಸ್ತಕದಲ್ಲಿ ಅದರ ಚಿತ್ರವೇ ಇಲ್ಲ. ಸಹ್ಯಾದ್ರಿಯಲ್ಲಿ ಇದನ್ನು ಮೊದಲು ಕಂಡವನು ನಾನೇ ಇರಬೇಕು. 'ವಸಂತಿ' ಎಂದು ಹೆಸರಿಡುವವನಿದ್ದೆ. ಈಗ 'ಸ್ನೇಹಲ್' ಎಂದಿಡುತ್ತೇನೆ. ಅವಳಾದರೂ ಎದುರಿಗೆ ಬಂದು ಕಿತ್ತಳು. ನಿನ್ನ ಮೇಲಿನ ನಂಬಿಕೆಗೆ ಇವತ್ತು ಎಳ್ಳುನೀರು ಬಿಟ್ಟಿದ್ದೇನೆ. ನವರಾತ್ರಿಗೆ ಬಂದರೂ ಸರಿ, ಬಾರದಿದ್ದರೂ ಸರಿ.

ಮೊಮ್ಮಗಳಿಗೆ ನೂರು ಮುತ್ತು, ಸಾವಿರ ಆಶೀರ್ವಾದ. ಹಲ್ಲು ಬರುವ ಮೊದಲೇ ಅವಳಿಗೆ ಕನ್ನಡ ಬರಲಿ. ಮರಾಠಿಯನ್ನು ಮಾತ್ರ ಅಜ್ಜಿಯಿಂದ ಕಲಿಯದಿರಲಿ.

ನಿನ್ನ (ಹಳೆಯ ಅಭ್ಯಾಸದಿಂದ ಬರೆದೆ)
ಮಂಜಯ್ಯ

ವಿ.ಸೂ.: ದೂರು ಕೊಟ್ಟದ್ದನ್ನು ಮರೆತೇನು. ಬಾತ್‌ರೂಮಿನಲ್ಲಿ ನಿನ್ನ ಮಲ್ಲಿಗೆ ಒಣಗಿ ಕಡ್ಡಿಯಾಗಿದೆ; ಅದು ನನ್ನದೇ ಕೈಗುಣ. ಆದರೆ ಆ 'ಅಯ್ಯೋ ಪಾಪ' ಇದೆಯಲ್ಲ, ಅದನ್ನು ಏನು ಮಾಡಲಿ? ಅಷ್ಟು ಸಲೀಸಾಗಿ, ಅಷ್ಟು ಪ್ರೀತಿಯಿಂದ ಹೇಳಿದೆಯಲ್ಲ. ನಾಳೆ ನನಗೆ ಜ್ವರ ಬಂದಾಗ ನೀನು ಅದನ್ನೇ ಹೇಳಿದರೆ, ಇದು ಯಾವ 'ಅಯ್ಯೋ ಪಾಪ' ಎಂದು ತಿಳಿಯುವುದು ಹೇಗೆ? ಸ್ನೇಹಲ್‌ಗೆ ಮುರುಕು ಮರಾಠಿಯಲ್ಲಿ ಹೇಳಿದ್ದನ್ನು ನನಗೆ ಕನ್ನಡದಲ್ಲಿ ಇನ್ನೊಮ್ಮೆ, ನನ್ನ ನಗು ನಿಲ್ಲುವವರೆಗೆ, ಹೇಳಬಾರದಿತ್ತೆ?

ಇನ್ನೊಂದು ಮಾತು. ಕಾಗದ ಮುಗಿಸಿ ಗಿಡಕ್ಕೆ ನೀರು ಹಾಕಲು ಹೋದೆ. ಸಹ್ಯಾದ್ರಿಯ ಆ ಅಪೂರ್ವ ಸಸ್ಯದ ಒಣಗಿದ ಕಾಯೊಂದು ಬಾಯಿ ಬಿಟ್ಟಿತ್ತು. ಬೀಜವನ್ನು ನಾಲಿಗೆಯ ಮೇಲಿಟ್ಟು ನೋಡಿದೆ. ನಿನ್ನ ಚಟ್ನಿಪುಡಿಯ ರುಚಿ. ಹೋಗುವ ಮುನ್ನ ಹುಳ ಹಿಡಿದ ಎಳ್ಳನ್ನು ಗುಬ್ಬಿಗಳಿಗೆಂದು ನೀನು ಆ ಕಿಟಕಿಯಲ್ಲಿ ಸುರಿದದ್ದು ಆಗ ನೆನಪಾಯಿತು. ಜೂನಿನಿಂದ ನಾನು ದಿನವೂ ಎಳ್ಳಿಗೆ ನೀರು ಬಿಡುತ್ತಿದ್ದೇನೆ, ವಸಂತಿ. ಆದರೂ ನಿನ್ನನ್ನು ಬಿಡಲು ಆಗಿಲ್ಲ.